ಗೈರಾದ ಮಗುವಿಗಾಗಿ ಮಾಡಿದ ರೆಕಾರ್ಡಿಂಗ್‌, ಅದರೊಳಗೆ ಉಳಿದುಹೋದ ಮಗು

1937ರ ಸೆಪ್ಟೆಂಬರ್. ಪೋಲಿಯೊ ಹಬ್ಬಿದ್ದರಿಂದ ಶಿಕಾಗೋ ನಗರದ ಶಾಲೆಗಳು ಸಮಯಕ್ಕೆ ತೆರೆಯಲಿಲ್ಲ. ಅಲ್ಲಿನ ಶಿಕ್ಷಕರು ರೇಡಿಯೊದಲ್ಲಿ ಪಾಠ ಮಾಡಿದರು. ಯಾವ ತರಗತಿಗೆ ಎಷ್ಟು ಹೊತ್ತಿಗೆ ಯಾವ ಪಾಠ ಅನ್ನೋದು ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ರೇಡಿಯೊ ಇಲ್ಲದ ಮಕ್ಕಳಿಗೆ ಪಾಠ ಸಿಗಲಿಲ್ಲ. ಅರ್ಥವಾಗದೆ ಹಿಂದೆ ಬಿದ್ದವರಿಗೆ ಇನ್ನೊಮ್ಮೆ ಕೇಳುವ ದಾರಿಯೂ ಇರಲಿಲ್ಲ. ಆದರೆ ರೇಡಿಯೊ ಮಗುವಿನ ಕಡೆ ನೋಡುತ್ತಿರಲಿಲ್ಲ. ಪಾಠ ಮನೆಯೊಳಗೆ ಬರುತ್ತಿತ್ತು, ಮನೆಯಿಂದ ಏನೂ ಹೊರಗೆ ಹೋಗುತ್ತಿರಲಿಲ್ಲ.

ಮೊದಮೊದಲು ಇಂಟರ್ನೆಟ್‌ಗೆ ಬಂದ ಪಾಠಗಳೂ ಹೆಚ್ಚುಕಡಿಮೆ ಹೀಗೇ ಇದ್ದವು. 2006ರಲ್ಲಿ ಸಲ್ಮಾನ್ ಖಾನ್ ಎಂಬ ಅಮೆರಿಕದ ಯುವಕ ತನ್ನ ಸಂಬಂಧಿಕರ ಮಕ್ಕಳಿಗಾಗಿ ಯೂಟ್ಯೂಬ್‌ಗೆ ಗಣಿತದ ಪಾಠ ಹಾಕತೊಡಗಿದರು. ಖಾನ್ ಅಕಾಡೆಮಿ ಹುಟ್ಟಿದ್ದು ಅಲ್ಲಿಂದಲೇ. ಆ ವಿಡಿಯೊಗಳಲ್ಲಿ ಇದ್ದದ್ದು ಕಪ್ಪು ಪರದೆ, ಅದರ ಮೇಲೆ ಮೂಡುವ ಅಕ್ಷರ, ಹಿಂದೊಂದು ದನಿ. ಮಕ್ಕಳು ಬೇಕಾದಷ್ಟು ಸಲ ಹಿಂದಕ್ಕೆ ಓಡಿಸಿ ನೋಡಬಹುದಿತ್ತು. ಅವರ ಮುಖ ಮಾತ್ರ ಎಲ್ಲೂ ದಾಖಲಾಗುತ್ತಿರಲಿಲ್ಲ.

ಮಗುವಿನ ಕಡೆ ತಿರುಗಿದ ಕ್ಯಾಮೆರಾ ಏನು ಮಾಡಬಲ್ಲದು ಅನ್ನೋದು 2010ರಲ್ಲೇ ಗೊತ್ತಾಗಿತ್ತು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಶಾಲೆಯವರೇ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟಿದ್ದರು. ಕಳೆದುಹೋದರೆ ಹುಡುಕಲೆಂದು ಹಾಕಿದ್ದ ಸಾಫ್ಟ್‌ವೇರ್, ಮಕ್ಕಳು ಮನೆಯಲ್ಲಿದ್ದಾಗ ಅವರ ಫೋಟೊ ತೆಗೆಯುತ್ತಿತ್ತು. ವಿಷಯ ಕೋರ್ಟಿಗೆ ಹೋಯಿತು. ಕೊನೆಗೆ ಶಾಲೆಯವರು 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು.

ಹತ್ತು ವರ್ಷ ಕಳೆಯಿತು. 2020ರಲ್ಲಿ ಕೋವಿಡ್ ಬಂದು 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆಗಳು ಮುಚ್ಚಿದವು. 150 ಕೋಟಿಗೂ ಹೆಚ್ಚು ಮಕ್ಕಳು ಮನೆಯಲ್ಲಿ ಕೂತರು. ಕಚೇರಿ ಮೀಟಿಂಗಿಗೆಂದು ಮಾಡಿದ ಆ್ಯಪ್‌ಗಳು ಒಂದೆರಡು ವಾರದಲ್ಲೇ ಶಾಲೆಯ ಕೊಠಡಿಗಳಾದವು. ಕರೆಯದವರು ಕ್ಲಾಸಿಗೆ ನುಗ್ಗಿ ಅಸಹ್ಯ ಚಿತ್ರ ತೋರಿಸಿದಾಗ ಎಲ್ಲರೂ ಬೆಚ್ಚಿದರು. ಮಾರ್ಚ್ ಕೊನೆಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಎಚ್ಚರಿಕೆ ಕೊಟ್ಟಿತು. ಏಪ್ರಿಲ್‌ನಲ್ಲಿ ಅಂಥ ಆ್ಯಪ್‌ಗಳಲ್ಲೊಂದಾದ ಜೂಮ್, ಪಾಸ್‌ವರ್ಡ್ ಮತ್ತು ಒಳಗೆ ಬಿಡುವ ತನಕ ಬಂದವರನ್ನು ಹೊರಗೇ ನಿಲ್ಲಿಸುವ ‘ಕಾಯುವ ಕೋಣೆ’ ತಾನಾಗಿಯೇ ಆನ್ ಇರುವಂತೆ ಬದಲಾವಣೆ ತಂದಿತು.

ಬಾಗಿಲಿಗೇನೋ ಬೀಗ ಬಿತ್ತು. ಕ್ಲಾಸ್ ಮುಗಿದ ಮೇಲೆ ಉಳಿಯುವ ರೆಕಾರ್ಡಿಂಗ್ ಫೈಲಿನ ಬಗ್ಗೆ ಅಷ್ಟು ಗದ್ದಲ ಆಗಲಿಲ್ಲ. ಅದೇ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ, ಸಾವಿರಾರು ಜೂಮ್ ರೆಕಾರ್ಡಿಂಗ್‌ಗಳು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡುವಂತೆ ಬಿದ್ದಿವೆ ಎಂದು ವರದಿ ಮಾಡಿತು. ಎಲ್ಲ ಫೈಲುಗಳಿಗೂ ಒಂದೇ ರೀತಿಯ ಹೆಸರು ಬರುತ್ತಿತ್ತು. ಜನ ಅವನ್ನು ಪಾಸ್‌ವರ್ಡ್ ಇಲ್ಲದ ಜಾಗದಲ್ಲಿ ಇಟ್ಟಿದ್ದರು. ಹಾಗಾಗಿ ಹುಡುಕುವುದು ಸುಲಭವಾಗಿತ್ತು. ಪುಟ್ಟ ಮಕ್ಕಳ ಕ್ಲಾಸುಗಳೂ ಅದರಲ್ಲಿದ್ದವು, ಮುಖ ಮತ್ತು ದನಿ ಸಮೇತ.

ಅದೇ ವರ್ಷ ಅಮೆರಿಕದ ಕೊಲೊರಾಡೊದಲ್ಲಿ 12 ವರ್ಷದ ಹುಡುಗನೊಬ್ಬನ ಆಟಿಕೆ ಬಂದೂಕು ಆನ್‌ಲೈನ್ ಕ್ಲಾಸಿನಲ್ಲಿ ಕಂಡಿತು. ಮನೆಗೆ ಪೊಲೀಸರು ಬಂದರು. ಶಾಲೆ ಅವನನ್ನು ಐದು ದಿನ ಸಸ್ಪೆಂಡ್ ಮಾಡಿತು. ಕ್ಲಾಸ್ ರೆಕಾರ್ಡ್ ಆಗುತ್ತಿದೆ ಅನ್ನೋದೇ ತಮಗೆ ಗೊತ್ತಿರಲಿಲ್ಲ ಎಂದು ಹೆತ್ತವರು ಹೇಳಿದರು. ತನ್ನ ಮನೆಯೊಳಗೆ, ತನ್ನ ಆಟದ ಸಾಮಾನಿನ ಜೊತೆ ಕೂತ ಮಗು ಅದು. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಶಾಲೆಯ ಕೊಠಡಿಯಲ್ಲಿ ಮಗು ತಪ್ಪು ಉತ್ತರ ಹೇಳಿದರೆ ಒಂದಿಬ್ಬರು ನಗುತ್ತಾರೆ, ಗಂಟೆ ಹೊಡೆಯುವಷ್ಟರಲ್ಲಿ ಎಲ್ಲರೂ ಮರೆಯುತ್ತಾರೆ. ಆ ಮರೆವಿನ ಧೈರ್ಯದಲ್ಲೇ ಅಲ್ವಾ ಮಕ್ಕಳು ಮತ್ತೆ ಕೈ ಎತ್ತೋದು? ರೆಕಾರ್ಡಿಂಗ್ ಮರೆಯುವುದಿಲ್ಲ. ಉತ್ತರದ ಜೊತೆಗೆ ಮುಖ, ಪೂರ್ತಿ ಹೆಸರು, ಹಿಂದಿನ ಗೋಡೆ, ಒಳಗೆ ಯಾರೋ ಜಗಳವಾಡಿದ ಸದ್ದು ಎಲ್ಲವೂ ಅದರಲ್ಲಿ ಉಳಿಯುತ್ತದೆ. ಲಿಂಕ್ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಯಾರೋ ಹತ್ತು ಸೆಕೆಂಡ್ ಕತ್ತರಿಸಿ ಹಂಚುತ್ತಾರೆ. ಶಿಕ್ಷಕರಿಗೂ ಈ ಕಾಟ ತಪ್ಪಿಲ್ಲ.

ಹಾಗಂತ ರೆಕಾರ್ಡಿಂಗೇ ಬೇಡ ಅಂದುಬಿಟ್ಟರೆ? ಹೆದರಿಕೆಯಿಂದ ಪೂರ್ತಿ ನಿಲ್ಲಿಸುವುದು ಶಾಲೆಗೆ ಸುಲಭ. ಅದರ ನಷ್ಟ ಮಾತ್ರ ಬೇರೆ ಮಗುವಿಗೆ. 3ರಿಂದ 17 ವರ್ಷದೊಳಗಿನ ಸುಮಾರು 130 ಕೋಟಿ ಮಕ್ಕಳ ಮನೆಯಲ್ಲಿ ಇಂಟರ್ನೆಟ್ಟೇ ಇಲ್ಲ ಎಂದು ಯುನಿಸೆಫ್ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2020ರ ಕೊನೆಯಲ್ಲಿ ಹೇಳಿದ್ದವು. ಆ ವಯಸ್ಸಿನ ಪ್ರತಿ ಮೂವರಲ್ಲಿ ಇಬ್ಬರು! ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋದರೆ, ಮಗುವಿಗೆ ಪಾಠ ಸಿಗುವುದು ರಾತ್ರಿಯೇ. ಜ್ವರದಲ್ಲಿ ಮಲಗಿದ ಮಗು, ಕಿವಿ ಮಂದವಾಗಿ ಎರಡೆರಡು ಸಲ ಕೇಳಬೇಕಾದ ಮಗು, ಪಾಠದ ಭಾಷೆ ಮನೆಯ ಭಾಷೆಯಲ್ಲದ ಮಗು, ಇವರಿಗೆ ರೆಕಾರ್ಡಿಂಗೇ ಶಾಲೆ.

ಕಾನೂನು ಇದೆ, ಆದರೆ ಅದರ ಹುಟ್ಟು ಬೇರೆ ಕಾಲದ್ದು. ವಿದ್ಯಾರ್ಥಿಗಳ ದಾಖಲೆ ಕಾಪಾಡುವ ಅಮೆರಿಕದ ಕಾನೂನು 1974ರದು, ಕಾಗದದ ಫೈಲುಗಳ ಕಾಲದ್ದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿಗೂ ಖಾಸಗಿತನ ಇದೆ ಎನ್ನುತ್ತದೆ. ಅದು ಡಿಜಿಟಲ್ ಲೋಕಕ್ಕೂ ಸಲ್ಲುತ್ತದೆ ಎಂದು ಬಿಡಿಸಿ ಹೇಳಿದ್ದು 2021ರಲ್ಲಿ. ಮರುವರ್ಷ ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 49 ದೇಶಗಳ ಸುಮಾರು 160 ಕಲಿಕಾ ಆ್ಯಪ್ ಮತ್ತು ತಾಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ. 89ರಷ್ಟು ಮಕ್ಕಳ ಮಾಹಿತಿಯನ್ನು ಅವರ ಹಕ್ಕಿಗೆ ಧಕ್ಕೆಯಾಗುವಂತೆ ಬಳಸುತ್ತಿದ್ದವು, ಇಲ್ಲವೇ ಆ ಅಪಾಯ ಒಡ್ಡಿದ್ದವು. ಹೆತ್ತವರು ಒಪ್ಪಿದ್ದಾರಲ್ಲ ಅನ್ನಬಹುದು. ಒಪ್ಪದಿದ್ದರೆ ಪಾಠವೇ ಇಲ್ಲ ಅಂದಾಗ ಸಿಗುವ ಸಹಿಯನ್ನು ನಾನು ಒಪ್ಪಿಗೆ ಅನ್ನಲಾರೆ.

ಗೈರಾದ ಮಗುವಿಗೆ ಬೇಕಿರುವುದು ಪಾಠ. ಉಳಿದ ಮಕ್ಕಳ ಮುಖ ಅಲ್ಲ. ಹಾಗಾಗಿ ಶಿಕ್ಷಕರ ದನಿ ಮತ್ತು ಅವರು ಹಂಚಿದ ಪರದೆ ಮಾತ್ರ ರೆಕಾರ್ಡ್ ಆದರೆ ಸಾಕು. ಪ್ರಶ್ನೆ ಕೇಳುವ ಹೊತ್ತಿಗೆ ರೆಕಾರ್ಡಿಂಗ್ ನಿಲ್ಲಿಸಬಹುದು. ಪಾಠವನ್ನು ಮೊದಲೇ ಬೇರೆಯಾಗಿ ರೆಕಾರ್ಡ್ ಮಾಡಿ, ಮಕ್ಕಳ ಜೊತೆಗಿನ ಮಾತುಕತೆಯನ್ನು ಸುಮ್ನೆ ನಡೆಯಲು ಬಿಡುವುದು ಇನ್ನೂ ಒಳ್ಳೆಯದು. ಇದರಿಂದ ಬಡ ಮನೆಗೂ ಅನುಕೂಲ. ಸಾಧಾರಣ ಗುಣಮಟ್ಟದ ಒಂದು ಗಂಟೆಯ ವಿಡಿಯೊಗೆ ನೂರಾರು ಎಂಬಿ ಬೇಕು. ಬರೀ ದನಿಯಾದರೆ 30 ಎಂಬಿಯಲ್ಲೇ ಮುಗಿಯುತ್ತದೆ.

ಇನ್ನು ಹಳೆಯ ಫೈಲುಗಳ ಪ್ರಶ್ನೆ. 2020ರಲ್ಲಿ ಒಂದನೇ ಕ್ಲಾಸಿನಲ್ಲಿ ತೊದಲುತ್ತಾ ಓದಿದ ಮಕ್ಕಳು ಈಗ ಹೈಸ್ಕೂಲಿನ ಹತ್ತಿರ ಬಂದಿದ್ದಾರೆ. ಚಿಕ್ಕವರಿದ್ದಾಗ ಕೊಟ್ಟ ಮಾಹಿತಿಯನ್ನು ದೊಡ್ಡವರಾದ ಮೇಲೂ ಅಳಿಸಲು ಕೇಳುವ ಹಕ್ಕನ್ನು ಯುರೋಪಿನ 2018ರ ನಿಯಮ ಕೊಟ್ಟಿದೆ. ಅಂಥ ನಿಯಮ ಇಲ್ಲದ ಕಡೆಯೂ ಹೆತ್ತವರು ಶಾಲೆಗೆ ಒಂದು ಪತ್ರ ಬರೆಯಬಹುದು: ಆ ವರ್ಷದ ರೆಕಾರ್ಡಿಂಗ್‌ಗಳು ಎಲ್ಲಿವೆ, ಯಾರ ಖಾತೆಯಲ್ಲಿವೆ, ಯಾವಾಗ ಅಳಿಸುತ್ತೀರಿ?