ಲೋವರ್ ಆರ್ಮ್ ಬುಷ್ ಹೋಗಿದೆ: ರಬ್ಬರ್ ಹಾಕಿಸಲೋ, ಪಾಲಿ ಹಾಕಿಸಲೋ?

ಪ್ರಶ್ನೆ: ನನ್ನ ಕಾರು ಒಂದು ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ಹಂಪ್ ಇಳಿಯುವಾಗ ಮುಂದಿನ ಎಡಗಡೆಯಿಂದ ‘ದಡ್’ ಅಂತ ಸದ್ದು ಬರುತ್ತದೆ. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ. ಮೆಕ್ಯಾನಿಕ್ ನೋಡಿ ಲೋವರ್ ಆರ್ಮ್ ಬುಷ್ ಹೋಗಿದೆ ಎಂದರು. ಕಂಪನಿಯ ರಬ್ಬರ್ ಬುಷ್ ಹಾಕಿಸಲೋ, ಪಾಲಿಯುರೆಥೇನ್ (‘ಪಾಲಿ’ ಎನ್ನುವ, ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಹಾಕಿಸಲೋ? ಪಾಲಿ ಹಾಕಿಸಿದರೆ ಮತ್ತೆ ಬದಲಾಯಿಸುವ ಮಾತೇ ಇಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ದಿನದ ಓಡಾಟದ ಕಾರಾದರೆ ಲೋವರ್ ಆರ್ಮ್‌ಗೆ ಒಳ್ಳೆಯ ರಬ್ಬರ್ ಬುಷ್ಷನ್ನೇ ಹಾಕಿಸಿ. (ಲೋವರ್ ಆರ್ಮ್ ಎಂದರೆ ಚಕ್ರವನ್ನು ಕಾರಿನ ಅಡಿಭಾಗಕ್ಕೆ ಜೋಡಿಸುವ ತೋಳು; ಬುಷ್ ಎಂದರೆ ಆ ಜೋಡಣೆಯಲ್ಲಿ ಕೂತು ಪೆಟ್ಟು ನುಂಗುವ ತುಂಡು.) ಪಾಲಿ ಹಾಕಲೇಬೇಕೆಂಬ ಆಸೆಯಿದ್ದರೆ ಸ್ಟೆಬಿಲೈಜರ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ಕಡಿಮೆ ಮಾಡಲು ಎಡ ಬಲ ಚಕ್ರಗಳ ಕಡೆಯನ್ನು ಜೋಡಿಸುವ ಸರಳು) ಬುಷ್‌ಗೆ ಹಾಕಿಸಿ ನೋಡಿ. ಆದರೆ ಯಾವ ವಸ್ತು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಜಾಗದ ಬುಷ್ ಯಾವ ಯಾವ ಕಡೆಗೆ ಅಲುಗಾಡಬೇಕು, ಯಾವ ಕಡೆಗೆ ಅಲುಗಾಡಬಾರದು? ಇದು ತಿಳಿದರೆ ಆಯ್ಕೆ ತಾನಾಗಿಯೇ ಆಗುತ್ತದೆ.

ಬಿಚ್ಚಿ ತೆಗೆದ ಬುಷ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಒಂದು ಕಬ್ಬಿಣದ ಕೊಳವೆ, ಒಳಗೆ ಇನ್ನೊಂದು ಸಣ್ಣ ದಪ್ಪ ಕೊಳವೆ, ನಡುವೆ ರಬ್ಬರ್. ಆ ರಬ್ಬರ್ ಎರಡೂ ಕೊಳವೆಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೊರ ಕೊಳವೆಯನ್ನು ಆರ್ಮ್‌ನ ತೂತಿನೊಳಗೆ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಒಳ ಕೊಳವೆಯ ಮೂಲಕ ಬೋಲ್ಟ್ ಹೋಗುತ್ತದೆ, ಬೋಲ್ಟ್ ಬಿಗಿದಾಗ ಅದು ಬ್ರಾಕೆಟ್‌ಗೆ ಕಚ್ಚಿಕೊಂಡು ಕದಲದಂತೆ ನಿಲ್ಲುತ್ತದೆ. ಅಂದರೆ ಚಕ್ರ ಮೇಲೆ ಕೆಳಗೆ ಆಡುವಾಗ ಇಲ್ಲಿ ಯಾವ ಭಾಗವೂ ಬೇರಿಂಗ್‌ನಂತೆ ಉಜ್ಜಿ ತಿರುಗುವುದಿಲ್ಲ. ಒದ್ದೆ ಬಟ್ಟೆ ಹಿಂಡುವಾಗ ಬಟ್ಟೆ ತಿರುಚಿಕೊಳ್ಳುವಂತೆ ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ಸರಿಯಾಗುತ್ತದೆ. ಗ್ರೀಸ್ ಬೇಡ, ಉಜ್ಜಾಟವಿಲ್ಲ, ಸದ್ದಿಲ್ಲ. ಇಷ್ಟು ಸರಳವಾದ ಒಂದು ತುಂಡು ಇಷ್ಟು ವರ್ಷ ಬಾಳುವುದನ್ನು ನಾನು ಮೆಚ್ಚಿಕೊಳ್ಳುತ್ತೇನೆ.

ಈಗ ನಿಮ್ಮ ಲೋವರ್ ಆರ್ಮ್‌ಗೆ ಬರೋಣ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ಎಲ್ ಆಕಾರದಲ್ಲಿರುತ್ತದೆ. ಮುಂದೊಂದು ಬುಷ್, ಹಿಂದೊಂದು ಬುಷ್, ಚಕ್ರದ ತುದಿಯಲ್ಲಿ ಬಾಲ್ ಜಾಯಿಂಟ್ (ಎಲ್ಲ ಕಡೆಗೂ ತಿರುಗುವ ಗುಂಡು ಕೀಲು). ಎರಡೂ ಬುಷ್ ಒಂದೇ ಕೆಲಸ ಮಾಡುತ್ತವೆ ಎಂದುಕೊಳ್ಳುವವರು ಬಹಳ, ಆದರೆ ಹಾಗಲ್ಲ. ಮುಂದಿನ ಬುಷ್ ಸಾಮಾನ್ಯವಾಗಿ ಗಟ್ಟಿ: ತಿರುವಿನಲ್ಲಿ ಚಕ್ರ ಅಡ್ಡಕ್ಕೆ ಸರಿಯದಂತೆ ಹಿಡಿದುಕೊಳ್ಳುವುದು ಅದರ ಪಾಲಿನ ಕೆಲಸ. ಹಿಂದಿನದು ದೊಡ್ಡದು, ಮೆತ್ತಗಿನದು: ಚಕ್ರ ಗುಂಡಿಗೆ ಬಿದ್ದಾಗ ಅಥವಾ ಬ್ರೇಕ್ ಒತ್ತಿದಾಗ ಚಕ್ರ ಕೆಲವೇ ಮಿಲಿಮೀಟರ್ ಹಿಂದಕ್ಕೆ ಸರಿದು ಪೆಟ್ಟನ್ನು ನುಂಗಿಕೊಳ್ಳಲು ಅದು ಜಾಗ ಕೊಡುತ್ತದೆ. ಬ್ರೇಕ್ ಒತ್ತಿದಾಗ ಎಳೆತ, ಹಂಪ್ ಇಳಿಯುವಾಗ ದಡ್ ಸದ್ದು ಎಂದು ನೀವು ಬರೆದಿರುವ ಲಕ್ಷಣ ಬಹುಪಾಲು ಈ ಹಿಂದಿನ ಬುಷ್ಷಿನದೇ. ಒಂದು ಬದಿಯ ರಬ್ಬರ್ ಹರಿದಾಗ ಬ್ರೇಕ್ ಒತ್ತಿದೊಡನೆ ಆ ಬದಿಯ ಚಕ್ರ ಹೆಚ್ಚು ಹಿಂದಕ್ಕೆ ಸರಿಯುತ್ತದೆ, ಇನ್ನೊಂದು ಬದಿಯದು ಸರಿಯುವುದಿಲ್ಲ. ಎರಡು ಚಕ್ರಗಳ ಕೋನ ಬೇರೆ ಬೇರೆಯಾಗಿ ಸ್ಟೀರಿಂಗ್ ಎಳೆಯುತ್ತದೆ.

ಈ ಹಿಂದಿನ ಬುಷ್ಷಿನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಅರ್ಧಚಂದ್ರಾಕಾರದ ಖಾಲಿ ಜಾಗಗಳಿರುತ್ತವೆ. ಅವು ಇರುವ ದಿಕ್ಕಿನಲ್ಲಿ ಬುಷ್ ಮೆತ್ತಗೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಗಟ್ಟಿ. ಹೊಸ ಬುಷ್ ನೋಡಿ ‘ಇದೂ ಹರಿದಿದೆ’ ಎಂದು ವಾಪಸ್ ಕೊಡಲು ಹೊರಡುವವರಿದ್ದಾರೆ, ಹಾಗೆ ಮಾಡಬೇಡಿ. ಅಚ್ಚಿನಲ್ಲಿ ಬಂದ ಖಾಲಿ ಜಾಗದ ಅಂಚು ನುಣುಪಾಗಿ ದುಂಡಗಿರುತ್ತದೆ. ಹರಿದದ್ದು ಒರಟಾಗಿ, ಅಂಕುಡೊಂಕಾಗಿರುತ್ತದೆ. ಹಳೆಯ ಬುಷ್‌ನಲ್ಲಿ ನೋಡಬೇಕಾದದ್ದು ಮೂರು: ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡಿದೆಯೇ, ಒಳ ಕೊಳವೆ ನಡುವಿನಿಂದ ಸರಿದು ಒಂದು ಪಕ್ಕಕ್ಕೆ ಕೂತಿದೆಯೇ, ಪ್ರೈ ಬಾರ್ ಹಾಕಿ ಮೀಟಿದರೆ ಆರ್ಮ್ ಸಲೀಸಾಗಿ ಓಡಾಡುತ್ತದೆಯೇ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಕಂಡ ಮಾತ್ರಕ್ಕೆ ಬುಷ್ ಹೋಗಿದೆ ಎನ್ನಲಾಗದು. ಹಳೆಯ ರಬ್ಬರಿನಲ್ಲಿ ಅದು ಸಹಜ.

ಕೆಲವು ಕಾರುಗಳಲ್ಲಿ ಇದೇ ಜಾಗದಲ್ಲಿ ಹೈಡ್ರೋ ಬುಷ್ ಇರುತ್ತದೆ. ರಬ್ಬರಿನ ಒಳಗೆ ದ್ರವ ತುಂಬಿದ ಎರಡು ಕೋಣೆ, ಅವುಗಳ ನಡುವೆ ಸಣ್ಣ ದಾರಿ. ಚಕ್ರ ನಡುಗಿದಾಗ ದ್ರವ ಅತ್ತಿತ್ತ ಹರಿದು ನಡುಕವನ್ನು ತಣಿಸುತ್ತದೆ. ಸಾಧಾರಣ ಅಳತೆಯ ಚಕ್ರ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 14–15 ಸುತ್ತು ತಿರುಗುತ್ತದೆ. ಬ್ಯಾಲೆನ್ಸ್ ಕೊಂಚ ತಪ್ಪಿದ್ದರೂ ಅಷ್ಟೇ ಸಲ ಒಂದು ಸಣ್ಣ ಪೆಟ್ಟು ಆರ್ಮ್‌ಗೆ ಬೀಳುತ್ತಿರುತ್ತದೆ. ಆ ಪೆಟ್ಟು ಸ್ಟೀರಿಂಗಿಗೆ ತಲುಪದಂತೆ ತಡೆಯುವುದು ಈ ಬುಷ್. ಅದು ಸೋರಿದರೆ ಬುಷ್ಷಿನ ಸುತ್ತ ಒದ್ದೆ ಕಲೆ ಕಾಣುತ್ತದೆ, ಹೆದ್ದಾರಿಯಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. ಎಷ್ಟೋ ಜನ ಇದನ್ನು ಬ್ರೇಕ್ ಡಿಸ್ಕ್ ಡೊಂಕಾಗಿದೆ ಎಂದುಕೊಂಡು ಡಿಸ್ಕ್ ಬದಲಾಯಿಸಿ, ನಡುಕ ಹಾಗೆಯೇ ಉಳಿದಾಗ ತಲೆ ಕೆಡಿಸಿಕೊಳ್ಳುತ್ತಾರೆ. ಹೈಡ್ರೋ ಬುಷ್ ಇದ್ದ ಜಾಗಕ್ಕೆ ಗಟ್ಟಿ ರಬ್ಬರಿನ ಬುಷ್ ತಯಾರಿಸಿ ಮಾರುವ ಕಂಪನಿಗಳೂ ಇವೆ. ಮೈಲೆ ಕಂಪನಿಯ ಎಚ್‌ಡಿ ಸಾಲಿನಲ್ಲಿ ಅಂಥವು ಸಿಗುತ್ತವೆ. ದ್ರವವೇ ಇಲ್ಲವಾದ್ದರಿಂದ ಸೋರುವ ಚಿಂತೆ ಇಲ್ಲ, ಬಾಳಿಕೆ ಹೆಚ್ಚು. ನಡುಕ ತಣಿಸುವ ಗುಣ ಮಾತ್ರ ಅಷ್ಟರಮಟ್ಟಿಗೆ ಕಡಿಮೆ. ಕೆಟ್ಟ ರಸ್ತೆಯಲ್ಲೇ ಹೆಚ್ಚು ಓಡುವ ಕಾರಿಗೆ ಇದು ಒಳ್ಳೆಯ ವ್ಯಾಪಾರ ಎಂದೇ ನನ್ನ ಅಭಿಪ್ರಾಯ. ಟೈರ್ ಬ್ಯಾಲೆನ್ಸಿಂಗ್ ಬಗ್ಗೆ ಉದಾಸೀನ ಮಾಡದೆ ಇದ್ದರಾಯಿತು.

ಇನ್ನು ಪಾಲಿ. ಬುಷ್‌ಗೆ ಬಳಸುವ ರಬ್ಬರಿನ ಗಡಸುತನ ಶೋರ್ ಎ ಮಾಪಕದಲ್ಲಿ ಸಾಮಾನ್ಯವಾಗಿ 50ರಿಂದ 70 ಇರುತ್ತದೆ. ಪಾಲಿ ಬುಷ್‌ಗಳದು 70ರಿಂದ 95ರವರೆಗೆ. ಬಣ್ಣ ನೋಡಿ ಗಡಸುತನ ಹೇಳಲಾಗದು. ಪವರ್‌ಫ್ಲೆಕ್ಸ್ ಎಂಬ ಕಂಪನಿಯ ಬುಷ್‌ಗಳಲ್ಲಿ ನೇರಳೆ ರಸ್ತೆಗೆ, ಕಪ್ಪು ರೇಸಿಗೆ. ಇನ್ನೊಂದು ಕಂಪನಿಯಲ್ಲಿ ಅದೇ ಬಣ್ಣಕ್ಕೆ ಬೇರೆ ಅರ್ಥವಿರಬಹುದು. ಗಡಸುತನಕ್ಕಿಂತ ದೊಡ್ಡ ವ್ಯತ್ಯಾಸ ರಚನೆಯಲ್ಲಿದೆ. ಪಾಲಿ ಬುಷ್ ಸಾಮಾನ್ಯವಾಗಿ ಎರಡು ಹೋಳಾಗಿ ಬರುತ್ತದೆ, ಒಳ ಕೊಳವೆಗೆ ಅಂಟಿರುವುದಿಲ್ಲ. ಕೊಳವೆ ಅದರೊಳಗೆ ನಿಜವಾಗಿಯೂ ತಿರುಗುತ್ತದೆ. ಹಾಗಾಗಿ ಗ್ರೀಸ್ ಬೇಕು, ಬುಷ್ ಜೊತೆ ಬರುವ ಸಿಲಿಕೋನ್ ಮಾದರಿಯ ಗ್ರೀಸೇ ಬೇಕು. ಅದು ಒಣಗಿದರೆ, ಮರಳು ಸೇರಿಕೊಂಡರೆ, ಪ್ರತಿ ಹಂಪ್‌ಗೂ ‘ಕಿರ್’ ಎನ್ನುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಾಕಲು ಸಿದ್ಧರಿರುವವರು ಕಡಿಮೆ.

ಒಂದೇ ಅಕ್ಷದ ಮೇಲೆ ತಿರುಗುವ ಜಾಗದಲ್ಲಿ ಪಾಲಿ ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಬರುವುದು ಬುಷ್ ತಿರುಗುವುದರ ಜೊತೆಗೆ ಓರೆಯಾಗಿಯೂ ವಾಲಬೇಕಾದ ಜಾಗದಲ್ಲಿ. ಹಿಂದಿನ ಟ್ರೇಲಿಂಗ್ ಆರ್ಮ್‌ನ (ಹಿಂದಿನ ಚಕ್ರವನ್ನು ಮುಂದಿನಿಂದ ಹಿಡಿದಿಡುವ ಉದ್ದದ ತೋಳು) ಮುಂತುದಿ, ಹಿಂದೆ ಇಡೀ ಆಕ್ಸಲ್ ಇರುವ ಗಾಡಿಗಳ ಲಿಂಕ್‌ಗಳು, ಟ್ವಿಸ್ಟ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳುವ ತೊಲೆ) ಸಸ್ಪೆನ್ಷನ್ನಿನ ಎರಡು ದೊಡ್ಡ ಬುಷ್‌ಗಳು ಇಂಥವು. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಅಲ್ಲಿನ ರಬ್ಬರ್ ನಾಲ್ಕು ದಿಕ್ಕಿಗೂ ಮಣಿಯಬೇಕು. ಮಣಿಯದ ಪಾಲಿ ಹಾಕಿದರೆ ಸಸ್ಪೆನ್ಷನ್ ಬಿಗಿದುಕೊಳ್ಳುತ್ತದೆ. ಸ್ಪ್ರಿಂಗ್ ಮಾಡಬೇಕಾದ ಕೆಲಸಕ್ಕೆ ಬುಷ್ ಅಡ್ಡ ಬರುತ್ತದೆ, ಹೊರೆ ಬ್ರಾಕೆಟ್ ಮೇಲೆ ಬೀಳುತ್ತದೆ. ‘ಬುಷ್ ಗಟ್ಟಿ, ಹಾಗಾಗಿ ಕಾರು ಗಟ್ಟಿ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬುಷ್ ನುಂಗದ ಪೆಟ್ಟು ಸಬ್‌ಫ್ರೇಮ್‌ಗೆ (ಸಸ್ಪೆನ್ಷನ್ ಕೂರುವ ಚೌಕಟ್ಟಿಗೆ) ಹೋಗುತ್ತದೆ, ಅಲ್ಲಿಂದ ಬಾಡಿಗೆ, ಕೊನೆಗೆ ಕೂತವರ ಬೆನ್ನಿಗೆ.

ಸ್ಟೆಬಿಲೈಜರ್ ಬಾರ್ ಬುಷ್ ವಿಚಾರ ಬೇರೆ. ಬಾರ್ ಅದರೊಳಗೆ ಒಂದೇ ರೀತಿ ತಿರುಗುತ್ತದೆ, ಅಷ್ಟೆ. ಅಲ್ಲಿ ಪಾಲಿ ಹಾಕಿದರೆ ತಿರುವಿನಲ್ಲಿ ಕಾರು ವಾಲತೊಡಗಿದ ಕೂಡಲೇ ಬಾರ್ ಕೆಲಸ ಶುರು ಮಾಡುತ್ತದೆ, ಸವಾರಿಯ ಸುಖ ಹೆಚ್ಚೇನೂ ಕೆಡುವುದಿಲ್ಲ. ಕೊಳ್ಳುವ ಮೊದಲು ವರ್ನಿಯರ್ ಹಿಡಿದು ಬಾರ್‌ನ ದಪ್ಪ ಅಳೆಯಿರಿ. ಒಂದೇ ಮಾಡೆಲ್ಲಿನ ಎರಡು ವೇರಿಯಂಟ್‌ಗಳಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಇರುವುದುಂಟು, ಅಷ್ಟು ಸಾಕು ಸದ್ದು ಬರಲು. ಕೆಲವು ಹೊಸ ಕಾರುಗಳಲ್ಲಿ ಈ ಬುಷ್ ಬಾರ್‌ಗೇ ಅಂಟಿಸಿ ಬರುತ್ತದೆ. ಅಂಥದ್ದಾದರೆ ಬುಷ್ ಒಂದನ್ನೇ ಬದಲಾಯಿಸುವ ಮೊದಲು ತಯಾರಕರು ಏನು ಹೇಳುತ್ತಾರೆ ನೋಡಿಕೊಳ್ಳಿ.

‘ಪಾಲಿ ಜೀವಮಾನಕ್ಕೆ ಒಂದೇ ಸಲ’ ಎನ್ನುವ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಎಣ್ಣೆ, ಓಝೋನ್ ತಾಗಿದರೆ ನೈಸರ್ಗಿಕ ರಬ್ಬರ್ ಕೆಡುವಷ್ಟು ಬೇಗ ಪಾಲಿ ಕೆಡುವುದಿಲ್ಲ, ಅದು ನಿಜ. ಆದರೆ ಪಾಲಿಯಲ್ಲೂ ಜಾತಿಗಳಿವೆ. ಪಾಲಿಯೆಸ್ಟರ್ ಆಧಾರದ ಪಾಲಿಯುರೆಥೇನ್ ನೀರು ಮತ್ತು ಬಿಸಿ ಸೇರಿದ ಕಡೆ ಕಾಲಕ್ರಮೇಣ ಒಡೆಯುತ್ತದೆ, ಪಾಲಿಈಥರ್ ಆಧಾರದ್ದು ನೀರನ್ನು ಚೆನ್ನಾಗಿ ತಡೆಯುತ್ತದೆ. ಹೆಸರಿಲ್ಲದ ಅಗ್ಗದ ಪಾಲಿ ಬುಷ್ ಯಾವ ಜಾತಿಯದೆಂದು ಪೊಟ್ಟಣ ಹೇಳುವುದಿಲ್ಲ. ಅಂಥದ್ದಕ್ಕಿಂತ ಸಾಧಾರಣ ಒಳ್ಳೆಯ ರಬ್ಬರ್ ಎಷ್ಟೋ ಮೇಲು.

ರಬ್ಬರ್ ಬುಷ್ ಕೊಳ್ಳುವಾಗ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಹುಡುಕಿಸಿ. ಮಾಡೆಲ್ ಹೆಸರು, ವರ್ಷ ಸಾಲದು, ಮಧ್ಯದಲ್ಲೇ ಆರ್ಮ್ ಬದಲಾದ ಕಾರುಗಳಿವೆ. ಲೆಮ್‌ಫೋರ್ಡರ್ (ಝಡ್‌ಎಫ್ ಗುಂಪಿನದು), ಕೋರ್ಟೆಕೋ ಮುಂತಾದ ಹೆಸರುಗಳಲ್ಲಿ ಕಾರು ಕಂಪನಿಯ ಗುಣಮಟ್ಟದ ಭಾಗಗಳು ಸಿಗುತ್ತವೆ. ಹಲವು ಬುಷ್‌ಗಳ ಮೇಲೆ ತಯಾರಾದ ಕಾಲದ ಗುರುತು ಅಚ್ಚಿನಲ್ಲೇ ಮೂಡಿರುತ್ತದೆ, ಅದನ್ನು ಓದಿ. ಬಿಸಿಲಿಗೆ ಬಿದ್ದು ವರ್ಷಗಟ್ಟಲೆ ಕಾದ ರಬ್ಬರ್ ಓಡದೆಯೂ ಮುದಿಯಾಗುತ್ತದೆ.

ಬುಷ್ ಮಾತ್ರವೋ, ಇಡೀ ಆರ್ಮ್ ಹಾಕಿಸಬೇಕೋ? ಬಾಲ್ ಜಾಯಿಂಟ್ ಆರ್ಮ್‌ಗೇ ಸೇರಿದ್ದು ಅದೂ ಸವೆದಿದ್ದರೆ ಆರ್ಮ್ ಹಾಕಿಸಿ. ಬುಷ್ ಕೂರುವ ತೂತು ಅಗಲವಾಗಿ ಹೊಸ ಬುಷ್ ಕೈಯಲ್ಲೇ ಒಳಗೆ ಜಾರುವಂತಿದ್ದರೂ ಆರ್ಮ್ ಬದಲಾಗಲೇಬೇಕು. ವೆಲ್ಡಿಂಗ್ ಚುಕ್ಕೆ ಹಾಕಿಯೋ ತಗಡು ಸೇರಿಸಿಯೋ ಕೂರಿಸುವ ಉಪಾಯಕ್ಕೆ ಒಪ್ಪಬೇಡಿ. ಇವೆರಡೂ ಇಲ್ಲದಿದ್ದರೆ, ಕಾರಿನ ಜೊತೆ ಬಂದ ಗಟ್ಟಿ ಆರ್ಮ್‌ಗೆ ಒಳ್ಳೆಯ ಬುಷ್ ಪ್ರೆಸ್ ಮಾಡಿಸುವುದು, ಯಾವುದೋ ಅಗ್ಗದ ಹೊಸ ಆರ್ಮ್ ತರುವುದಕ್ಕಿಂತ ಲೇಸು. ಪ್ರೆಸ್ ಮಾಡುವಾಗ ಬಲ ಬೀಳಬೇಕಾದದ್ದು ಹೊರ ಕೊಳವೆಯ ಅಂಚಿನ ಮೇಲೆ, ರಬ್ಬರ್ ಮೇಲಲ್ಲ. ಖಾಲಿ ಜಾಗವಿರುವ ಬುಷ್ ಆದರೆ ಅದರ ಬಾಣದ ಗುರುತು ಸರಿಯಾದ ದಿಕ್ಕಿಗಿರಬೇಕು. ಹಳೆಯದನ್ನು ತೆಗೆಯುವ ಮೊದಲು ಆರ್ಮ್ ಮೇಲೆ ಗೀರು ಹಾಕಿಕೊಳ್ಳಲು ಹೇಳಿ. ದಿಕ್ಕು ತಿರುಗಿ ಕೂತರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿಯಿರಬೇಕಾದ ಕಡೆ ಮೆತ್ತಗೆ ಆಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಬೋಲ್ಟ್ ಬಿಗಿಯುವ ಹೊತ್ತಿನ ಬಗ್ಗೆ. ಲಿಫ್ಟ್ ಮೇಲೆ ಕಾರು ಇರುವಾಗ ಚಕ್ರ ಜೋತುಬಿದ್ದಿರುತ್ತದೆ, ಆರ್ಮ್ ಕೆಳಕ್ಕೆ ಇಳಿದಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟ್ ಪೂರ್ತಿ ಬಿಗಿದರೆ ಒಳ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಕಾರು ಸುಮ್ಮನೆ ನಿಂತಿದ್ದಾಗಲೂ ಹಾಗೆಯೇ ಇರುತ್ತದೆ. ಹಂಪ್ ಬಂದಾಗ ಅದರ ಮೇಲೆ ಇನ್ನಷ್ಟು ತಿರುಚು. ಎಷ್ಟು ಒಳ್ಳೆಯ ಬುಷ್ ಆದರೂ ಬೇಗ ಹರಿಯುತ್ತದೆ, ಆಮೇಲೆ ಬೈಗುಳ ತಿನ್ನುವುದು ಬುಷ್ ಕಂಪನಿ. ಇದನ್ನು ತಪ್ಪಿಸುವುದು ಸುಲಭ. ಕೆಲಸ ಶುರುವಾಗುವ ಮೊದಲು, ಕಾರು ಸಮತಟ್ಟಾದ ನೆಲದ ಮೇಲಿರುವಾಗ, ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿಗೆ ಎಷ್ಟು ದೂರವೆಂದು ಟೇಪಿನಲ್ಲಿ ಅಳೆದು ಬರೆದಿಡಿ. ಹೊಸ ಬುಷ್ ಹಾಕಿ ಬೋಲ್ಟ್ ಸಡಿಲವಾಗಿ ಕೂರಿಸಿದ ಮೇಲೆ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿಕೊಂಡು, ಹಬ್‌ ಕೆಳಗೆ ಜಾಕ್ ಕೊಟ್ಟು ಅದೇ ಅಳತೆ ಬರುವವರೆಗೆ ಎತ್ತಲಿ. ಆಗ ಟಾರ್ಕ್ ರೆಂಚ್‌ನಲ್ಲಿ ತಯಾರಕರು ಹೇಳಿದಷ್ಟು ಬಿಗಿಯಲಿ. ಕೆಲವು ಕಾರುಗಳಲ್ಲಿ ಆರ್ಮ್ ಬೋಲ್ಟ್ ಒಂದೇ ಸಲ ಬಳಸುವಂಥದ್ದು, ಅದನ್ನೂ ಹೊಸದಾಗಿ ತರಿಸಿ.

ಎಡಗಡೆ ಮಾತ್ರ ಸದ್ದು ಬರುತ್ತಿದೆ ಎಂದು ಎಡಕ್ಕೆ ಮಾತ್ರ ಹಾಕಿಸಬೇಡಿ. ಬಲಗಡೆಯದೂ ಅಷ್ಟೇ ದೂರ ಓಡಿದೆ. ಒಂದು ಬದಿ ಹೊಸ ಗಟ್ಟಿ ರಬ್ಬರ್, ಇನ್ನೊಂದು ಬದಿ ಸೋತ ರಬ್ಬರ್ ಇದ್ದರೆ ಬ್ರೇಕ್ ಒತ್ತಿದಾಗ ಎಳೆತ ಉಳಿಯುತ್ತದೆ, ಬಹುಶಃ ಈ ಸಲ ಇನ್ನೊಂದು ಕಡೆಗೆ. ಎರಡೂ ಬದಿ ಮುಗಿದ ಮೇಲೆ ಒಂದೆರಡು ದಿನ ಓಡಿಸಿ ವೀಲ್ ಅಲೈನ್‌ಮೆಂಟ್ ಮಾಡಿಸಿ. ಹಳೆಯ ಅಲೈನ್‌ಮೆಂಟನ್ನು ಹರಿದ ಬುಷ್‌ಗಳ ಮೇಲೆ ಹೊಂದಿಸಿರುತ್ತಾರೆ, ಹೊಸ ಬುಷ್‌ಗೆ ಅದು ಹೊಂದುವುದಿಲ್ಲ. ಟೈರ್‌ನ ಒಳ ಅಂಚು ಈಗಾಗಲೇ ಸವೆದಿದೆಯೇ ಎಂದು ಆಗಲೇ ಕೈಯಾಡಿಸಿ ನೋಡಿಕೊಳ್ಳಿ. ಸವೆದಿದ್ದರೆ ಸಸ್ಪೆನ್ಷನ್ ಸರಿಯಾದ ಮೇಲೂ ಆ ಟೈರಿನಿಂದಲೇ ಸ್ವಲ್ಪ ಸದ್ದು, ಸ್ವಲ್ಪ ಎಳೆತ ಉಳಿಯಬಹುದು. ಆಗ ಬುಷ್ ಕೆಲಸ ಸರಿಯಾಗಿಲ್ಲ ಎಂದು ಮತ್ತೆ ಬಿಚ್ಚಿಸುವ ಮೊದಲು ಮುಂದಿನ ಹಿಂದಿನ ಟೈರ್ ಅದಲುಬದಲು ಮಾಡಿ ಓಡಿಸಿ ನೋಡಿ.