ಸ್ಕ್ಯಾನರ್ ಸುಮ್ಮನಿದ್ದರೆ ಚಿಪ್ ಇಲ್ಲವೆಂದಲ್ಲ

ದೀಪಾವಳಿಯ ಪಟಾಕಿಗೆ ಬೆದರಿ ಗೇಟು ಹಾರಿದ ನಾಯಿ ಎರಡು ದಿನದ ಮೇಲೆ ಇನ್ಯಾವುದೋ ಬಡಾವಣೆಯಲ್ಲಿ ಸಿಗುತ್ತದೆ. ಕೊರಳಲ್ಲಿ ಬೆಲ್ಟಿಲ್ಲ. ಗುರುತಿಗೆ ಉಳಿದದ್ದು ಚರ್ಮದಡಿ ಹಾಕಿಸಿರಬಹುದಾದ ಮೈಕ್ರೋಚಿಪ್ ಒಂದೇ. ಕ್ಲಿನಿಕ್ಕಿನಲ್ಲಿ ಬೆನ್ನ ಮೇಲೆ ಒಂದು ಸಲ ಸ್ಕ್ಯಾನರ್ ಆಡಿಸಿ, ಬೀಪ್ ಬರದಿದ್ದರೆ ‘ಚಿಪ್ ಇಲ್ಲ’ ಎಂದು ಬರೆದುಬಿಡುತ್ತಾರೆ. ಒಳಗೆ ಸರಿಯಾಗಿ ಕೆಲಸ ಮಾಡುವ ಚಿಪ್ ಇದ್ದಾಗಲೂ ಹೀಗಾಗಬಹುದು.

ಚಿಪ್ ಎಂದರೆ ಸುಮಾರು 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪದ ಗಾಜಿನ ಕೊಳವೆ. ಒಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಗೆ ಸುತ್ತಿದ ತಂತಿಯ ಸುರುಳಿ, ಪುಟ್ಟ ಕೆಪ್ಯಾಸಿಟರ್, ಸಂಖ್ಯೆಯನ್ನು ಹಿಡಿದಿಟ್ಟ ಒಂದು ಐಸಿ (ಪುಟ್ಟ ಎಲೆಕ್ಟ್ರಾನಿಕ್ ಬಿಲ್ಲೆ). ಬ್ಯಾಟರಿ ಇಲ್ಲ, ಜಿಪಿಎಸ್ಸೂ ಇಲ್ಲ. ಸ್ಕ್ಯಾನರ್ 134.2 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರ ಹೊರಡಿಸುತ್ತದೆ. ಅದು ಸುರುಳಿಯನ್ನು ಹಾದಾಗ ಹುಟ್ಟುವ ಚೂರು ವಿದ್ಯುತ್ತಿನಲ್ಲೇ ಐಸಿ ಎಚ್ಚೆತ್ತು ತನ್ನ ಸಂಖ್ಯೆ ಹೇಳುತ್ತದೆ. ಹತ್ತಿರ ಹಿಡಿದ ಕಾರ್ಡು ಓದುವ ಮೊಬೈಲಿನ ಎನ್‌ಎಫ್‌ಸಿ ಕೆಲಸ ಮಾಡುವುದು 13.56 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸುಮಾರು ನೂರು ಪಟ್ಟು ಹೆಚ್ಚಿನ ಆವರ್ತನದಲ್ಲಿ. ಹಾಗಾಗಿ ಯಾವ ಆ್ಯಪ್ ಹಾಕಿಕೊಂಡರೂ ಫೋನು ಈ ಚಿಪ್ಪನ್ನು ಓದುವುದಿಲ್ಲ.

128 ಬಿಟ್‌ಗಳ ಸಂದೇಶ ಒಮ್ಮೆ ಬಂದು ಮುಗಿಯಲು ಸುಮಾರು 30 ಮಿಲಿಸೆಕೆಂಡ್ ಸಾಕು. ಹಾಗಿದ್ದೂ ಕೈ ಯಾಕೆ ನಿಧಾನವಾಗಿ ಆಡಬೇಕು? ಅಮೆರಿಕದಲ್ಲಿ ಬಳಕೆಗೆ ಬಂದ ಹಳೆಯ ಚಿಪ್ಪುಗಳು 125, 128 ಕಿಲೋಹರ್ಟ್ಸ್‌ನವು. ಎಲ್ಲವನ್ನೂ ಓದುವ ಯೂನಿವರ್ಸಲ್ ಸ್ಕ್ಯಾನರ್ ಒಂದೊಂದನ್ನೇ ಸರದಿಯಲ್ಲಿ ಹುಡುಕುತ್ತದೆ. ಸ್ಕ್ಯಾನರ್ ಚಿಪ್ಪಿನ ಮೇಲೆ ಹಾದ ಗಳಿಗೆಯಲ್ಲಿ ಬೇರೆ ಆವರ್ತನದ ಸರದಿ ನಡೆಯುತ್ತಿದ್ದರೆ ಮುಗಿಯಿತು, ತಪ್ಪಿಹೋಯಿತು. ದೂರದ ಲೆಕ್ಕ ಇನ್ನೂ ಕಟ್ಟುನಿಟ್ಟು: ಅಂತರ ಎರಡರಷ್ಟಾದರೆ ಕಾಂತಕ್ಷೇತ್ರದ ಬಲ ಹತ್ತಿರಹತ್ತಿರ ಎಂಟನೇ ಒಂದಕ್ಕೆ ಇಳಿಯುತ್ತದೆ. ದಪ್ಪ ನಾಯಿಗಳಲ್ಲಿ ಚಿಪ್ ತಪ್ಪಿಹೋಗುವ ಸಂಭವ ಹೆಚ್ಚು.

ಆದ್ದರಿಂದ ಮೊದಲು ಸ್ಕ್ಯಾನರಿನ ಬ್ಯಾಟರಿ ನೋಡಿ, ಪರೀಕ್ಷೆಗೆಂದು ಇಟ್ಟುಕೊಂಡ ಚಿಪ್ಪೊಂದನ್ನು ಓದಿಸಿ. ಕಬ್ಬಿಣದ ಸರಪಳಿ, ಬಕಲ್ ಇರುವ ಬೆಲ್ಟು ಬಿಚ್ಚಿ. ಸ್ಟೀಲ್ ಮೇಜಿನ ಮೇಲೆ ನಾಯಿಯನ್ನು ನಿಲ್ಲಿಸಬೇಡಿ, ನೆಲವೇ ವಾಸಿ. ಕಂಪ್ಯೂಟರು, ಟ್ಯೂಬ್‌ಲೈಟಿನಿಂದಲೂ ದೂರವಿರಲಿ. ಗುರ್ರೆನ್ನುವ ಅಪರಿಚಿತ ನಾಯಿಯಾದರೆ ಪಶುವೈದ್ಯರು ಬರುವವರೆಗೆ ಕಾಯಿರಿ, ರೇಬಿಸ್ ಲಸಿಕೆ ಆಗಿದೆಯೋ ಇಲ್ಲವೋ ಅದರ ಮುಖ ನೋಡಿದರೆ ಗೊತ್ತಾಗದು.

ಗುಂಡಿ ಒತ್ತಿ ಹಿಡಿದು, ಸ್ಕ್ಯಾನರನ್ನು ಕೂದಲಿಗೆ ತಾಗಿಸಿ, ಎರಡು ಭುಜಗಳ ನಡುವಿನಿಂದ ಆರಂಭಿಸಿ. ವೇಗ ಸೆಕೆಂಡಿಗೆ 15 ಸೆಂ.ಮೀ. ಮೀರಬಾರದು. ಮೊದಲು ಹಾವಿನ ನಡೆಯಂತೆ ಅಡ್ಡಡ್ಡ, ಆಮೇಲೆ ಉದ್ದುದ್ದ. ನಡುನಡುವೆ ಸ್ಕ್ಯಾನರನ್ನು ತಿರುಗಿಸುತ್ತಿರಿ, ಇದನ್ನೇ ಬಹಳ ಜನ ಬಿಟ್ಟುಬಿಡುವುದು. ಸುರುಳಿ ಸುತ್ತಿದ ಕಡ್ಡಿ ಕಾಂತರೇಖೆಗಳಿಗೆ ಅಡ್ಡಲಾಗಿ ಮಲಗಿದ್ದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದೇ ಇಲ್ಲ. ಚಿಪ್ ಎರಡು ಬೆರಳು ದೂರದಲ್ಲೇ ಇದ್ದರೂ ಸ್ಕ್ಯಾನರ್ ಮೌನ. ಯುರೋಪಿನ ಹಲವು ದೇಶಗಳಲ್ಲಿ ಚಿಪ್ ಹಾಕುವುದು ಕತ್ತಿನ ಎಡಬದಿಗೆ. ಚರ್ಮದಡಿ ಅದು ಮೊಣಕೈವರೆಗೂ ಜಾರಿರಬಹುದು. ಕತ್ತು, ಎದೆ, ಎರಡೂ ಮುಂಗಾಲು ನೋಡದೆ ಬಿಡಬೇಡಿ. ಸಿಗದಿದ್ದರೆ ಇನ್ನೊಂದು ಸ್ಕ್ಯಾನರಿನಿಂದ, ಸಾಧ್ಯವಾದರೆ ಮರುದಿನ ಇನ್ನೊಬ್ಬರ ಕೈಯಲ್ಲಿ ಮತ್ತೆ ಮಾಡಿಸಿ.

ಬೀಪ್ ಬಂತು, 15 ಅಂಕಿ ಮೂಡಿತು ಎನ್ನಿ. ಬರೆದುಕೊಳ್ಳುವಾಗಲೇ ಬಹಳ ತಪ್ಪಾಗುವುದರಿಂದ ಪರದೆಯ ಫೋಟೋ ತೆಗೆಯಿರಿ. ಒಂದು ಸಣ್ಣ ಕಿವಿಮಾತು: ಮೊದಲ ಮೂರು ಅಂಕಿಯ ನಂತರದ ಭಾಗಕ್ಕೆ ಚಿಪ್ಪಿನಲ್ಲಿರುವುದು 38 ಬಿಟ್ ಜಾಗ, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 274877906943. ಹಾಗಾಗಿ ನಾಲ್ಕನೇ ಅಂಕಿ 0, 1 ಅಥವಾ 2 ಮಾತ್ರ ಆಗಲು ಸಾಧ್ಯ. ಬೇರೆ ಏನಾದರೂ ಕಂಡರೆ ಬರೆದವರ ಕೈ ತಪ್ಪಿದೆ.

ಮೊದಲ ಮೂರು ಅಂಕಿ 356 ಆದರೆ ಭಾರತದ ಸಂಕೇತ. 9ರಿಂದ ಶುರುವಾದರೆ ಸಾಮಾನ್ಯವಾಗಿ ತಯಾರಕರದು, ಉದಾಹರಣೆಗೆ 981 ಡೇಟಾಮಾರ್ಸ್‌ನದು. ಮಾಲೀಕರ ಹೆಸರು, ಫೋನು ಚಿಪ್ಪಿನಲ್ಲಿ ಇರುವುದಿಲ್ಲ. ಅದು ನೋಂದಣಿ ಮಾಡಿದ ಕಂಪನಿಯ ಕಡತದಲ್ಲಿ, ಅದೂ ಯಾರಾದರೂ ನೋಂದಾಯಿಸಿದ್ದರೆ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆಶ್ರಯಧಾಮಗಳಿಗೆ ಬಂದ ಚಿಪ್ ಇದ್ದ ಬಿಡಾಡಿ ನಾಯಿಗಳ ಪೈಕಿ 52.2% ಮನೆ ಸೇರಿದವು. ಒಟ್ಟು ಬಿಡಾಡಿ ನಾಯಿಗಳಲ್ಲಿ ಈ ಪ್ರಮಾಣ 21.9%. ಉಳಿದ ಅರ್ಧಕ್ಕೆ ದೊಡ್ಡ ಅಡ್ಡಿ, ತಪ್ಪಾದ ಇಲ್ಲವೇ ಬಂದ್ ಆದ ಫೋನ್ ನಂಬರು.

ವಂಶಾವಳಿಯ ನಾಯಿಯಂತೆ ಕಂಡರೆ ಚೆನ್ನೈನಲ್ಲಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾಕ್ಕೆ ಸಂಖ್ಯೆ ಕಳಿಸಬಹುದು. ಅಲ್ಲಿ ನೋಂದಣಿಗೆ ಮೈಕ್ರೋಚಿಪ್ ಬೇಕು. ಹೊರದೇಶದಿಂದ ಬಂದದ್ದಿರಬಹುದು ಅನ್ನಿಸಿದರೆ ಸಾಕುಪ್ರಾಣಿಗಳ ಚಿಪ್ ಸಂಖ್ಯೆ ಹುಡುಕಿಕೊಡುವ ಯೂರೋಪೆಟ್‌ನೆಟ್ ಜಾಲತಾಣದಲ್ಲಿ ಹುಡುಕಿ. ‘ನಾಯಿ ಸಿಕ್ಕಿದೆ’ ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಮಾತ್ರ ಪೂರ್ತಿ ಸಂಖ್ಯೆ ಕೊಡಬೇಡಿ, ಕೊನೆಯ ಆರು ಅಂಕಿ ಮರೆಮಾಡಿ. ನಾಯಿ ನಮ್ಮದೆಂದು ಬಂದವರು ಲಸಿಕೆ ಪುಸ್ತಕದಲ್ಲಿ ಅಂಟಿಸಿದ ಚಿಪ್ಪಿನ ಬಾರ್‌ಕೋಡ್ ಚೀಟಿ ನೋಡಿ ಆ ಆರು ಅಂಕಿ ಓದಿ ಹೇಳಲಿ.