ಅತ್ತಾಗಲೆಲ್ಲ ಎತ್ತಿಕೊಂಡರೆ ಮಗುವಿಗೆ ಅದೇ ರೂಢಿಯಾಗುವುದೇ?

ಪ್ರಶ್ನೆ: ಮಗುವಿಗೆ ಎರಡು ತಿಂಗಳು. ಕೆಳಗೆ ಮಲಗಿಸಿದ ಕೂಡಲೇ ಅಳುತ್ತದೆ. ಎತ್ತಿಕೊಂಡರೆ, ‘ಎತ್ತಿ ಎತ್ತಿ ರೂಢಿ ಮಾಡಿಬಿಟ್ಟೆ, ಇನ್ನು ಕೆಳಗಿಳಿಯುವುದಿಲ್ಲ’ ಎಂದು ಅತ್ತೆ ಗದರುತ್ತಾರೆ. ಏನು ಮಾಡಲಿ?

ಎತ್ತಿಕೊಳ್ಳಿ. ಎಷ್ಟು ಸಲ ಉತ್ತರಿಸಿದರೂ ಮತ್ತೊಬ್ಬ ಬಾಣಂತಿ ಅಳುಕುತ್ತಲೇ ಇದನ್ನು ಕೇಳುತ್ತಾಳೆ. ಹೆತ್ತ ಮಗುವನ್ನು ಎತ್ತಿಕೊಳ್ಳುವುದಕ್ಕೂ ತಾಯಿ ಅಪ್ಪಣೆಗೆ ಕಾಯುತ್ತಾಳಲ್ಲ ಎಂಬುದೇ ನನ್ನ ಬೇಸರ.

ಹಟ ಹಿಡಿಯುವುದಕ್ಕೂ ಬುದ್ಧಿ ಬೇಕು. ಹೀಗೆ ಅತ್ತರೆ ಅಮ್ಮ ಬರುತ್ತಾಳೆ, ಬಾರದಿದ್ದರೆ ಇನ್ನೂ ಜೋರಾಗಿ ಅಳಬೇಕು ಎಂಬ ಲೆಕ್ಕಾಚಾರ ಎರಡು ತಿಂಗಳ ಕೂಸಿನ ತಲೆಯಲ್ಲಿ ನಡೆಯುವುದಿಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಮಕ್ಕಳನ್ನೇ ಕೂತು ಗಮನಿಸಿ ಬರೆದಿಟ್ಟರು: ಮುಚ್ಚಿದ ಬಟ್ಟೆಯನ್ನು ಸರಿಸಿ ಅದರಡಿಯ ಆಟಿಕೆಯನ್ನು ತೆಗೆಯುವಂಥ, ಒಂದನ್ನು ಸಾಧಿಸಲು ಇನ್ನೊಂದನ್ನು ಬೇಕೆಂದೇ ಮಾಡುವ ಜಾಣತನ ಬರುವುದು ಸುಮಾರು ಎಂಟು ತಿಂಗಳಿಗೆ.

ಹಾಗಾದರೆ ಹಿರಿಯರು ಕಣ್ಣಾರೆ ಕಂಡದ್ದು ಸುಳ್ಳೇ? ಕಂಡದ್ದು ನಿಜ, ಕಾರಣ ತಪ್ಪು. ಎಳೆಯ ಮಕ್ಕಳ ಅಳು ಎರಡನೇ ವಾರದಿಂದ ಏರುತ್ತ ಹೋಗಿ, ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು–ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅಳು ಏರಿದ ಹಾಗೆಲ್ಲ ತಾಯಿ ಹೆಚ್ಚು ಎತ್ತಿಕೊಳ್ಳುತ್ತಾಳೆ. ನೋಡುವವರಿಗೆ ಎತ್ತಿಕೊಂಡದ್ದರಿಂದಲೇ ಅಳು ಹೆಚ್ಚಿದಂತೆ ಕಾಣುತ್ತದೆ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 99 ತಾಯಂದಿರಿದ್ದರು. ಒಂದು ಗುಂಪಿನವರಿಗೆ, ಮಗು ಅಳದಿದ್ದಾಗಲೂ ಹೆಚ್ಚು ಹೊತ್ತು ಎತ್ತಿಕೊಂಡಿರಿ ಎಂದು ಹೇಳಲಾಗಿತ್ತು. ರೂಢಿಯ ಮಾತು ನಿಜವಾಗಿದ್ದರೆ ಆ ಮಕ್ಕಳೇ ಹೆಚ್ಚು ಅಳಬೇಕಿತ್ತು. ಆರು ವಾರದ ಹೊತ್ತಿಗೆ ಅವು ಉಳಿದವುಗಳಿಗಿಂತ 43% ಕಡಿಮೆ ಅತ್ತವು! ವಿಪರೀತ ಅಳುವ ಮಕ್ಕಳಿಗೆ ಇದೇ ಉಪಾಯದಿಂದ ಪ್ರಯೋಜನವಾಗಲಿಲ್ಲ ಎಂದು 1991ರ ಇನ್ನೊಂದು ಅಧ್ಯಯನ ತೋರಿಸಿತು. ಆದ್ದರಿಂದ ಎತ್ತಿಕೊಂಡರೂ ಅಳು ನಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ. ಸಾಕುಸಾಕಾದಾಗ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಹೋಗಿ ಕುಳಿತರೂ ಏನೂ ಕೆಡುವುದಿಲ್ಲ. ಸಿಟ್ಟಿನಲ್ಲಿ ಮಗುವನ್ನು ಕುಲುಕುವುದು ಮಾತ್ರ ಕೂಡದು, ಮಿದುಳಿಗೆ ಪೆಟ್ಟಾಗುತ್ತದೆ.

‘ಹಾಲು ಕುಡಿದಾಗಿದೆ, ಬಟ್ಟೆ ಒದ್ದೆಯಿಲ್ಲ, ಮತ್ತೇಕೆ ಅಳು?’ ಎನ್ನುವವರೂ ಇದ್ದಾರೆ. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ 1950ರ ದಶಕದಲ್ಲಿ ತಾಯಿಯಿಂದ ಅಗಲಿಸಿದ ಕೋತಿಮರಿಗಳ ಮುಂದೆ ಎರಡು ಬೊಂಬೆಗಳನ್ನು ಇಟ್ಟರು. ಹಾಲಿನ ಬಾಟಲಿ ಇದ್ದದ್ದು ತಂತಿಯ ಬೊಂಬೆಯಲ್ಲಿ. ಮರಿಗಳು ಹಾಲು ಕುಡಿಯಲಷ್ಟೇ ಅಲ್ಲಿಗೆ ಹೋಗಿ, ಉಳಿದ ಹೊತ್ತೆಲ್ಲ ಮೆತ್ತನೆಯ ಬಟ್ಟೆಯ ಬೊಂಬೆಯನ್ನೇ ಅಪ್ಪಿಕೊಂಡಿದ್ದವು. ಹೊಟ್ಟೆ ತುಂಬಿದ ಮೇಲೂ ಮೈಗೆ ಮೈ ತಾಗಬೇಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಇನ್ನಾರು ತಿಂಗಳಿಗೆ ಕೇಳಿಯೇ ಕೇಳುತ್ತೀರಿ. ಎಲ್ಲರ ಕೈಗೂ ನಗುತ್ತ ಹೋಗುತ್ತಿದ್ದ ಮಗು ಎಂಟನೇ ತಿಂಗಳ ಸುಮಾರಿಗೆ, ಊರಿನಿಂದ ಬಂದ ಅಜ್ಜಿಯನ್ನು ಕಂಡು ಕಿರುಚಬಹುದು. ಅಜ್ಜಿ ನೊಂದುಕೊಳ್ಳುತ್ತಾರೆ, ‘ಜನರ ಬಳಕೆಯೇ ಇಲ್ಲದೆ ಬೆಳೆಸಿದ್ದೀಯ’ ಎಂಬ ಮಾತು ಬರುತ್ತದೆ. ತನ್ನವರು ಯಾರು, ಹೊಸಬರು ಯಾರು ಎಂಬುದು ಮಗುವಿಗೆ ಈಗ ತಿಳಿಯುತ್ತಿದೆ, ಇದು ಬೆಳವಣಿಗೆಯ ಗುರುತು. ಬಂದೊಡನೆ ಬಾಚಿ ಎತ್ತಿಕೊಳ್ಳಬೇಡಿ ಎಂದು ಅಜ್ಜಿಗೆ ಮೊದಲೇ ಹೇಳಿ. ಅವರು ಚಾಪೆಯ ಮೇಲೆ ಕುಳಿತು ನಿಮ್ಮೊಡನೆ ಮಾತಾಡುತ್ತಿರಲಿ. ಮಗು ನಿಮ್ಮ ಸೊಂಟದ ಮೇಲಿಂದಲೇ ಅವರನ್ನು ಸಾಕಷ್ಟು ನೋಡಿ, ಬಳೆಗೋ ಕನ್ನಡಕಕ್ಕೋ ಕೈ ಚಾಚಿದಾಗ ಅವರ ಮಡಿಲಿಗೆ ಕೊಡಿ.